ಬಿಲ್ಲೆಯ ಮಂಡಿಚಿಪ್ಪು ನೆಲೆ ನಿಂತ ಬಗೆ

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ, ಮನೆಯಲ್ಲಿ, ಬೀದಿಯಲ್ಲಿ, ಎಲ್ಲರಿಗೂ ಅವಳು ಬಿಲ್ಲೆ. ಹನ್ನೆರಡನೆಯ ವಯಸ್ಸಿನಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಾಗ, ಒಂಟಿಕಾಲಲ್ಲಿ ಕುಪ್ಪಳಿಸಿ ಗೆರೆ ದಾಟಿ ಗರಕ್ಕನೆ ತಿರುಗಿದ್ದೇ ತಡ, ಬಲ ಮಂಡಿಯ ಚಿಪ್ಪು ತನ್ನ ಜಾಗ ಬಿಟ್ಟು ಪಕ್ಕಕ್ಕೆ ಹೋಗಿತ್ತು. ಬಿದ್ದಲ್ಲೇ ನೋಡಿಕೊಂಡರೆ, ಮಂಡಿಯ ಮುಂದೆ ಇರಬೇಕಾದ ಗುಂಡು ಹೊರಮಗ್ಗುಲಲ್ಲಿ, ಯಾರೋ ಚರ್ಮದೊಳಗೆ ನಿಂಬೆಹಣ್ಣು ಬಚ್ಚಿಟ್ಟ ಹಾಗೆ ಉಬ್ಬಿಕೊಂಡಿತ್ತು. ಅಜ್ಜಿ ಓಡಿ ಬಂದು ಕಾಲನ್ನು ಮೆಲ್ಲಗೆ ನೀಡಿಸಿದಳು. ಟಕ್ ಎಂದು ಸದ್ದಾಯಿತು, ಚಿಪ್ಪು ವಾಪಸ್ಸು ಬಂತು. ಮಂಡಿ ಮೂರು ವಾರ ಊದಿಕೊಂಡಿತ್ತು. ಊತ ಇಳಿಯಿತು, ಹೆಸರು ಮಾತ್ರ ಉಳಿಯಿತು.

ಅಲ್ಲಿಂದ ಇಪ್ಪತ್ತೆರಡು ವರ್ಷ ಆ ಚಿಪ್ಪು ಹೇಳದೆ ಕೇಳದೆ ಹೊರಟುಬಿಡುವ ನೆಂಟನಂತೆ ಅವಳ ಜೊತೆ ಬದುಕಿತು. ಎಲ್ಲಿ, ಯಾವಾಗ ಹೋಗುತ್ತದೆಂದು ಹೇಳುವಂತಿರಲಿಲ್ಲ. ಒಮ್ಮೆ ಬಚ್ಚಲಲ್ಲಿ ಸೋಪು ಹೆಕ್ಕುವಾಗ ಹೋಯಿತು. ಒಮ್ಮೆ ತಂಗಿಯ ಮದುವೆಯಲ್ಲಿ, ಫೋಟೋಕ್ಕೆಂದು ಎಲ್ಲರೂ ಒತ್ತಾಗಿ ನಿಂತಾಗ ಹೋಯಿತು. ಆ ಫೋಟೋದಲ್ಲಿ ಬಿಲ್ಲೆಯ ಮುಖ ಇಲ್ಲ, ಕೆಳಗೆ ಕೂರುತ್ತಿರುವ ತಲೆಗೂದಲು ಮಾತ್ರ ಇದೆ. ನೋವು ಎಂದರೆ ಅಂತಿಂಥ ನೋವಲ್ಲ. ಆದರೆ ಚಿಪ್ಪು ಜಾಗಕ್ಕೆ ಬಂದಮೇಲೆ ನೋಡಿದವರಿಗೆ ಕಾಲು ಕಾಲಿನಂತೆಯೇ ಕಾಣುತ್ತಿತ್ತು. ಗಾಯವಿಲ್ಲ, ರಕ್ತವಿಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಒಬ್ಬರು ನಕ್ಕರೆ, "ನಡಿಗೆಯಲ್ಲಿ ಗಮನ ಇದ್ದರೆ ತಾನೆ" ಎಂದು ಇನ್ನೊಬ್ಬರು ಬುದ್ಧಿ ಹೇಳುತ್ತಿದ್ದರು. ಕೇಳಿ ಕೇಳಿ ಅವಳಿಗೂ ಅದೇ ನಿಜವೆನಿಸಿತ್ತು. ತಾನು ಹುಟ್ಟಾ ಎಡವಟ್ಟು, ಅಷ್ಟೆ.

ಆದ್ದರಿಂದ ಅವಳು ತನ್ನದೇ ಒಂದು ನಡಿಗೆ ಕಲಿತಳು. ರಸ್ತೆಯಲ್ಲಿ ಗೋಡೆ ಯಾವ ಕಡೆಗಿದೆಯೋ ಆ ಕಡೆಗೇ ನಡೆಯುವುದು. ಹಿಂದಿನಿಂದ ಯಾರಾದರೂ ಕರೆದರೆ ಸೊಂಟ ತಿರುಗಿಸದೆ, ಲಾರಿ ತಿರುಗಿಸುವವರ ಹಾಗೆ ಮೂರು ಹೆಜ್ಜೆಯಲ್ಲಿ ಪೂರ್ತಿ ತಿರುಗುವುದು. ಯಾರ ಮನೆಗೆ ಹೋದರೂ ಮೊದಲು ಮೆಟ್ಟಿಲು ಎಣಿಸುವುದು, ಆಮೇಲೆ ಮನೆಯವರ ಮುಖ ನೋಡುವುದು. ಅವಳ ಗಂಡ, ಗೋಡೆಗೆ ಬಣ್ಣ ಬಳಿಯುವ ಸದ್ದಿಲ್ಲದ ಮನುಷ್ಯ, ಮದುವೆಯಾದ ಹೊಸತರಲ್ಲಿ ಇದನ್ನೆಲ್ಲ ನೋಡಿದ. ಒಂದು ಭಾನುವಾರ ಬಚ್ಚಲ ಗೋಡೆಗೆ ಒಂದು ಕಬ್ಬಿಣದ ಹಿಡಿ ಜಡಿದು, ಅದಕ್ಕೂ ಬಣ್ಣ ಬಳಿದು ಹೋದ.

ಲಾಂಡ್ರಿಯ ಕೆಲಸ ಅವಳಿಗೆ ಹಿಡಿಸಿತ್ತು. ನೆಲಮಾಳಿಗೆಯ ಉದ್ದನೆಯ ಕೋಣೆ. ಒಂದು ಗೋಡೆಗೆ ಸಾಲಾಗಿ ಒಗೆಯುವ ಯಂತ್ರಗಳು. ಇನ್ನೊಂದು ಕಡೆ ಒಣಗಿಸುವ ಡ್ರಮ್ಮುಗಳು. ನಡುವೆ ಬಟ್ಟೆ ಮಡಿಸುವ ಹತ್ತಡಿ ಮೇಜು. ವಾರ್ಡಿನ ಬಿಳಿ ಚಾದರಗಳು ಬೇರೆಯವರ ಪಾಲು. ಬಿಲ್ಲೆಯದು ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ. ಒಗೆದು ಒಣಗಿದ ಒಂದೊಂದು ಬಟ್ಟೆಯನ್ನೂ ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಹರಡಿ, ಸೂಜಿಮೊನೆಯಷ್ಟು ತೂತು ಇದ್ದರೂ ಹುಡುಕಿ, ತೇಪೆ ಹಾಕಿ, ಮಡಿಸಿ, ಕಟ್ಟು ಕಟ್ಟಿ, ಕ್ರಿಮಿ ಸಾಯಿಸುವ ಹಬೆಯ ಪೆಟ್ಟಿಗೆಗೆ ಕಳಿಸಬೇಕು. ಅದರಲ್ಲೊಂದು ಬಗೆಯ ಬಟ್ಟೆಗೆ ನಡುವೆ, ಕೊಯ್ಯುವ ಜಾಗ ಮಾತ್ರ ಕಾಣಲೆಂದು, ಬೇಕೆಂದೇ ಬಿಟ್ಟ ಚೌಕದ ಕಿಂಡಿ ಇರುತ್ತಿತ್ತು. ಕಿಂಡಿಯ ಅಂಚು ಎಳೆ ಬಿಡದಂತೆ ಅವಳು ಎರಡು ಸಾಲು ಹೊಲಿಗೆ ಹಾಕುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಎಷ್ಟು ಕಿಂಡಿ ಹೊಲಿದಿದ್ದಳೋ. ಆ ಕಿಂಡಿಯೊಳಗೆ ಡಾಕ್ಟರುಗಳು ಏನು ಮಾಡುತ್ತಾರೆ ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಮೂರನೆಯ ಮಹಡಿಗೆ ಲಾಂಡ್ರಿಯವರ ತಳ್ಳುಗಾಡಿ ಹೋಗುತ್ತಿತ್ತು, ಲಾಂಡ್ರಿಯವರು ಹೋಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೂಳೆ ಡಾಕ್ಟರಮ್ಮ ತಾವೇ ಲಾಂಡ್ರಿಗೆ ಇಳಿದು ಬಂದರು. ಕುಳ್ಳಗಿನ ಹೆಂಗಸು, ಮಾತಿನಲ್ಲಿ ಗಡಸು, ಕನ್ನಡಕ ಯಾವಾಗಲೂ ಹಣೆಯ ಮೇಲೆ. ಬಟ್ಟೆಯಲ್ಲಿ ನೂಲಿನ ಜುಂಗು ಉಳಿಯುತ್ತಿದೆ ಎಂದು ಲಾಂಡ್ರಿ ಮೇಸ್ತ್ರಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಬಿಲ್ಲೆ ಒದ್ದೆ ಬಟ್ಟೆಯ ಗಾಡಿ ತಳ್ಳುತ್ತ ಅವರಿಗೆ ದಾರಿ ಬಿಡಲೆಂದು ಕೊಂಚ ವಾರೆಯಾಗಿ ತಿರುಗಿದಳು. ಅಷ್ಟೇ. ಚಿಪ್ಪು ಹೊರಟಿತು.

ಅವಳು ಕೂಗಲಿಲ್ಲ. ಗಾಡಿ ಹಿಡಿದು ನೆಲಕ್ಕೆ ಕೂತಳು. ಹಲ್ಲು ಕಚ್ಚಿ, ಹಿಮ್ಮಡಿಯನ್ನು ಮುಂದಕ್ಕೆ ಜಾರಿಸಿ ಕಾಲು ನೀಡಿ, ಅಂಗೈಯಿಂದ ಆ ಉಬ್ಬನ್ನು ಒಳಕ್ಕೆ ತಳ್ಳಿದಳು. ಟಕ್. ಸೆರಗಿನಿಂದ ಮುಖ ಒರೆಸಿಕೊಂಡು ಏಳಲು ನೋಡಿದಳು.

ಡಾಕ್ಟರಮ್ಮನ ಕನ್ನಡಕ ಹಣೆಯಿಂದ ಕಣ್ಣಿಗೆ ಇಳಿದಿತ್ತು.

"ಏಳಬೇಡಿ, ಕೂತ್ಕೊಳ್ಳಿ. ಏನ್ ಮಾಡಿದ್ರಿ ಈಗ?"

"ಏನಿಲ್ಲ ಮೇಡಂ, ಜಾರಿತ್ತು. ಹಾಕ್ಕೊಂಡೆ."

"ಹಾಕ್ಕೊಂಡ್ರಾ? ಅದೇನು ಚಪ್ಲೀನಾ? ಎಷ್ಟು ಸಲ ಹೀಗಾಗಿದೆ?"

ಬಿಲ್ಲೆ ಯೋಚಿಸಿದಳು. "ಈ ವರ್ಷದ್ದು ಕೇಳ್ತಿದೀರಾ ಮೇಡಂ?"

ಡಾಕ್ಟರಮ್ಮ ಜುಂಗಿನ ವಿಷಯ ಮರೆತೇಬಿಟ್ಟರು. ಅಲ್ಲೇ ನೆಲದ ಮೇಲೆ, ಒದ್ದೆ ಬಟ್ಟೆಗಳ ನಡುವೆ, ಬಿಲ್ಲೆಯ ಎದುರು ಕುಕ್ಕರುಗಾಲಲ್ಲಿ ಕೂತು ಮಂಡಿಯನ್ನು ಮುಟ್ಟಿದರು. ಚಿಪ್ಪನ್ನು ಹೆಬ್ಬೆರಳಿನಿಂದ ಹೊರಕ್ಕೆ ಒಂದಿಷ್ಟು ಒತ್ತಿದ್ದೇ ತಡ, ಬಿಲ್ಲೆ ಅವರ ಕೈಯನ್ನು ಗಬಕ್ಕನೆ ಹಿಡಿದಳು. ದೊಡ್ಡ ಡಾಕ್ಟರ ಕೈ ಹಿಡಿದೆನಲ್ಲ ಎಂದು ನಾಚಿ ಬಿಟ್ಟಳು.

"ಪರವಾಗಿಲ್ಲ. ಎಲ್ಲರೂ ಹಿಡೀತಾರೆ," ಎಂದರು ಅವರು. ಗಡಸು ದನಿ ಎಲ್ಲೋ ಹೋಗಿತ್ತು. "ಇದು ನಿಮ್ಮ ಎಡವಟ್ಟಲ್ಲ. ಗೊತ್ತಾಯ್ತಾ? ಒಳಗಡೆ ಒಂದು ಕಟ್ಟು ಹರಿದಿದೆ. ನೀವು ಬೀಳ್ತಿರಲಿಲ್ಲ, ಅದು ಬೀಳಿಸ್ತಿತ್ತು."

ಇಪ್ಪತ್ತೆರಡು ವರ್ಷದಲ್ಲಿ ಈ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಆ ದಿನ ಮಡಿಸಿದ ಬಟ್ಟೆಗಳನ್ನು ಮೇಸ್ತ್ರಿ ಎರಡು ಸಲ ಬಿಚ್ಚಿ ಮತ್ತೆ ಮಡಿಸಬೇಕಾಯಿತು.

ಎಕ್ಸ್‌ರೇ ಆಯಿತು, ಸ್ಕ್ಯಾನ್ ಆಯಿತು. ಫಲಿತಾಂಶ ಕೇಳಲು ಅವಳ ಅತ್ತೆಯೂ ಜೊತೆಗೆ ಬಂದಳು. ಅತ್ತೆ ಬಾಯಿಗೆ ಬೀಗ ಇಲ್ಲದವಳು. ಬಿಲ್ಲೆಯನ್ನು ದಿನಕ್ಕೆ ಹತ್ತು ಸಲ ಬೈಯುತ್ತಿದ್ದಳು, ಬೇರೆಯವರು ಒಂದು ಸಲ ಬೈದರೆ ಅವರ ಏಳು ತಲೆಮಾರು ಜಾಲಾಡುತ್ತಿದ್ದಳು. ಡಾಕ್ಟರಮ್ಮ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಮಂಡಿಯೊಂದನ್ನು ಇಟ್ಟು ವಿವರಿಸಿದರು. ತೊಡೆಮೂಳೆಯ ತುದಿಯಲ್ಲಿ ಒಂದು ಕಾಲುವೆ ಇರುತ್ತದೆ, ಕಾಲು ಮಡಿಸಿದಾಗ ಚಿಪ್ಪು ಆ ಕಾಲುವೆಯಲ್ಲಿ ಇಳಿದು ಹತ್ತುತ್ತದೆ. ಬಿಲ್ಲೆಯ ಕಾಲುವೆ ಹುಟ್ಟಿನಿಂದ ಸ್ವಲ್ಪ ಆಳ ಕಮ್ಮಿ. ಚಿಪ್ಪು ಹೊರಗೆ ಹೋಗದಂತೆ ಒಳಮಗ್ಗುಲಿನಿಂದ ಹಿಡಿದಿಡುವ ಲಿಗಮೆಂಟ್ ಒಂದಿರುತ್ತದೆ, ಮೂಳೆಗೂ ಮೂಳೆಗೂ ಕಟ್ಟಿದ ನಾರಿನ ಪಟ್ಟಿ. ಅದು ಕುಂಟೆಬಿಲ್ಲೆಯ ದಿನ ಹರಿದದ್ದು ಮತ್ತೆ ಸರಿಯಾಗಿ ಕೂಡಿಕೊಳ್ಳಲೇ ಇಲ್ಲ.

"ಹರಿದದ್ದನ್ನ ಹೊಲೀತೀರಾ ಮೇಡಂ?" ಎಂದಳು ಬಿಲ್ಲೆ. ಅದು ಅವಳ ಕಸುಬು.

"ಹೊಲಿಯೋಕೆ ಅಲ್ಲಿ ಬಟ್ಟೆಯೇ ಉಳಿದಿಲ್ಲಮ್ಮ. ಹೊಸದು ಮಾಡಬೇಕು. ನಿಮ್ಮ ತೊಡೆಯಿಂದಲೇ ತಗೋತೀವಿ." ಅವರು ಬಿಲ್ಲೆಯ ಕೈಯನ್ನು ಹಿಡಿದು, ಮಡಿಸಿದ ಮಂಡಿಯ ಹಿಂದೆ, ಒಳಮಗ್ಗುಲಲ್ಲಿ ಇಟ್ಟರು. "ಇಲ್ಲಿ ಹಗ್ಗದ ಹಾಗೆ ಸಿಗುತ್ತಲ್ಲ, ತೊಡೆಯ ಮಾಂಸಖಂಡದ ಹುರಿ. ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ಹುರಿ ಇದೆ. ಅದನ್ನ ತೆಗೆದು, ಎರಡೆಳೆ ಮಾಡಿ, ಚಿಪ್ಪಿನಿಂದ ತೊಡೆಮೂಳೆಗೆ ಕಟ್ಟಿಬಿಡ್ತೀವಿ."

ಅತ್ತೆ ಇಷ್ಟು ಹೊತ್ತು ಸುಮ್ಮನಿದ್ದದ್ದೇ ದೊಡ್ಡದು. "ಅಲ್ಲ ತಾಯಿ, ಅಲ್ಲಿಂದ ಕಿತ್ತು ಇಲ್ಲಿಗೆ ಹಾಕಿದ್ರೆ, ಅಲ್ಲಿ ಏನಾಗಬೇಕು? ಇವಳ ಮಂಡಿ ನೆಟ್ಟಗಾಗಿ ತೊಡೆ ಕಳಚಿಕೊಂಡ್ರೆ?"

ಡಾಕ್ಟರಮ್ಮ ನಗಲಿಲ್ಲ. "ಒಳ್ಳೇ ಪ್ರಶ್ನೆ ಕೇಳಿದ್ರಿ. ನಾಲ್ಕು ಜನ ಎತ್ತೋ ಮಂಚವನ್ನ ಮೂರು ಜನ ಎತ್ತಿದ ಹಾಗೆ. ಮೊದಲು ಸ್ವಲ್ಪ ಭಾರ ಅನ್ಸುತ್ತೆ. ಆಮೇಲೆ ಆ ಮೂವರೇ ಗಟ್ಟಿಯಾಗ್ತಾರೆ."

ಅತ್ತೆ ಇದನ್ನು ಮೆಲುಕು ಹಾಕಿದಳು. ಹೊರಗೆ ಬಂದಮೇಲೆ ಸೊಸೆಯ ಬೆನ್ನು ತಟ್ಟಿ, "ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಿನಗೆ ನೋಡು, ಹಿತ್ತಲ ಗಿಡವೇ ಮದ್ದಂತೆ. ಇಷ್ಟು ವರ್ಷ ತೊಡೆಯಲ್ಲೇ ಇಟ್ಕೊಂಡು ಊರೆಲ್ಲ ಕುಂಟಿದೆಯಲ್ಲೇ," ಎಂದಳು. ಮೂಗು ಒರೆಸಿಕೊಳ್ಳುತ್ತಿದ್ದಳು, ನೆಗಡಿ ಅಂತೆ.

ಆಪರೇಷನ್ನಿನ ದಿನ ಬಿಲ್ಲೆ ಮೊದಲ ಸಲ ಮೂರನೆಯ ಮಹಡಿ ನೋಡಿದಳು. ಮಲಗಿಕೊಂಡು ಹೋದದ್ದರಿಂದ ನೋಡಿದ್ದೆಲ್ಲ ಚಾವಣಿಯೇ. ಬೆನ್ನಿಗೆ ಒಂದು ಚುಚ್ಚುಮದ್ದು ಕೊಟ್ಟರು. ಪಾದಗಳಿಂದ ಬಿಸಿ ಏರಿತು, ಆಮೇಲೆ ಕಾಲುಗಳು ಎಲ್ಲಿಗೋ ಹೋದವು. ಸ್ವಲ್ಪ ಹೊತ್ತಿಗೆ ನರ್ಸ್ ಒಬ್ಬಳು ಯಾರದೋ ಕಾಲನ್ನು ಮೇಲಕ್ಕೆತ್ತಿ ಕಂದು ಬಣ್ಣದ ಔಷಧ ಬಳಿಯುತ್ತಿರುವುದು ಕಂಡಿತು. ಪಾಪ, ಯಾರ ಕಾಲೋ ಎಂದುಕೊಂಡಳು. ಹಿಮ್ಮಡಿಯ ಬಿರುಕು ನೋಡಿದಮೇಲೆ ಗೊತ್ತಾಯಿತು, ಕಾಲು ತನ್ನದೇ!

ಆಮೇಲೆ ಹಸಿರು ಬಟ್ಟೆಗಳು ಬಂದವು. ಒಂದರ ಮೇಲೊಂದು ಹೊದಿಸಿ, ಕೊನೆಗೆ ಕಿಂಡಿಯಿದ್ದ ಬಟ್ಟೆಯನ್ನು ಬಿಚ್ಚಿದರು. ಅದು ಬಿಚ್ಚಿಕೊಂಡು ಮೈಮೇಲೆ ಇಳಿಯುವಾಗ ಬಿಲ್ಲೆ ಅಂಚಿನ ಹೊಲಿಗೆ ಕಂಡಳು. ಎರಡು ಸಾಲು, ಮೂಲೆಯಲ್ಲಿ ಅಡ್ಡಕ್ಕೆ ಮೂರು ಬಿಗಿ ಹೊಲಿಗೆ. ಮೂಲೆಯಲ್ಲಿ ಹಾಗೆ ಹಾಕುವವಳು ಆ ಆಸ್ಪತ್ರೆಯಲ್ಲಿ ಒಬ್ಬಳೇ.

"ಇದು ನಂದು," ಎಂದಳು ಅವಳು.

ತಲೆಯ ಬಳಿ ಕೂತಿದ್ದ ಅರಿವಳಿಕೆ ಡಾಕ್ಟರು ಬಗ್ಗಿದರು. "ಏನಮ್ಮ? ನೋವಾಗ್ತಿದೆಯಾ?"

"ಇಲ್ಲ ಸಾರ್. ಬಟ್ಟೆ ನಂದು. ನಾನೇ ಹೊಲಿದದ್ದು."

ಮುಖಕ್ಕೆ ಮಾಸ್ಕು ಕಟ್ಟಿದ್ದವರೆಲ್ಲ ಬಟ್ಟೆಯ ಕಡೆ ಬಗ್ಗಿ ನೋಡಿದರು. ಡಾಕ್ಟರಮ್ಮ ಅಂಚನ್ನು ಕೈಗವಸಿನ ಬೆರಳಿನಿಂದ ಸವರಿ ನೋಡಿದರು. "ಚೆನ್ನಾಗಿ ಹೊಲಿದಿದ್ದೀರಿ. ಈಗ ನನ್ನ ಹೊಲಿಗೆ ನೀವು ನೋಡ್ತೀರಾ? ಮಂಡಿಯ ಒಳಗಡೆ ತೋರ್ಸೋ ಟೀವಿ ನಿಮ್ಮ ಕಡೆ ತಿರುಗಿಸ್ತೀನಿ. ಬೇಡ ಅಂದ್ರೆ ಬೇಡ."

ಬಿಲ್ಲೆ ಹೆದರಿದ್ದಳು. ಆದರೂ ಹನ್ನೊಂದು ವರ್ಷದ ಕುತೂಹಲ ಹೆದರಿಕೆಗಿಂತ ದೊಡ್ಡದಿತ್ತು. "ತಿರುಗಿಸಿ ಮೇಡಂ," ಎಂದಳು.

ಪೆನ್ಸಿಲ್ಲಿನಷ್ಟು ದಪ್ಪದ ಕೊಳವೆಯೊಂದು ಮಂಡಿಯೊಳಗೆ ಹೋಯಿತು. ಅದರ ತುದಿಯಲ್ಲಿ ಕ್ಯಾಮೆರಾ. ಪರದೆಯ ಮೇಲೆ ಮೊದಲು ಮಂಜು, ಆಮೇಲೆ ತಿಳಿನೀರು, ಆಮೇಲೆ ಬೆಳಕು. ಒಳಗೆಲ್ಲ ರಕ್ತ, ಮಾಂಸ, ಕತ್ತಲೆ ಇರುತ್ತದೆಂದು ಅವಳು ಎಣಿಸಿದ್ದಳು. ಅಲ್ಲಿದ್ದದ್ದು ಬೆಳ್ಳಗಿನ ಒಂದು ಲೋಕ. ಮೂಳೆಯ ಮೇಲ್ಮೈ ಈಗಷ್ಟೇ ಇಸ್ತ್ರಿಯಾದ ರೇಷ್ಮೆಯಂತೆ ನುಣ್ಣಗೆ ಹೊಳೆಯುತ್ತಿತ್ತು. ನಾರಿನ ಎಳೆಗಳು ನೀರಿನಲ್ಲಿ ಮೆಲ್ಲಗೆ ತೂಗುತ್ತಿದ್ದವು. ಮೇಲೆ, ಚಾವಣಿಯಿಂದ ತೂಗುಬಿಟ್ಟ ದೋಣಿಯ ಹಾಗೆ, ಅವಳ ಚಿಪ್ಪು. ಡಾಕ್ಟರಮ್ಮ ಕಾಲನ್ನು ಮಡಿಸಿದರು. ಕೆಳಗಿನ ಕಾಲುವೆಗೆ ಇಳಿಯಬೇಕಾದ ದೋಣಿ ಇಳಿಯದೆ, ದಂಡೆ ಹತ್ತಿ ಹೊರಗೆ ವಾಲಿತು.

"ನೋಡಿ, ಅದೇ ನಿಮ್ಮ ಕಳ್ಳ," ಎಂದರು.

ಇಷ್ಟು ವರ್ಷ ತನ್ನನ್ನು ಬೀಳಿಸಿದ್ದು, ಬಯ್ಯಿಸಿದ್ದು, ಅಳಿಸಿದ್ದು ಇದೇ. ಕೋಪ ಬರಬೇಕಿತ್ತು. ಬರಲಿಲ್ಲ. ಇಷ್ಟು ಚಂದದ್ದನ್ನು ಹೇಗೆ ಬಯ್ಯುವುದು? ಅಲ್ಲಲ್ಲಿ ಅದರ ಅಂಚು ಜಾರಿ ಜಾರಿ ಸವೆದು ಜುಂಗು ಎದ್ದಿತ್ತು, ಹಳೆಯ ಟವಲ್ಲಿನಂತೆ. ಬಿಲ್ಲೆಗೆ ಅದರ ಮೇಲೆ ಕನಿಕರ ಬಂತು.

ಆಮೇಲಿನದನ್ನು ಅವಳು ಮುಂದೆ ಲಾಂಡ್ರಿಯಲ್ಲಿ ಎಷ್ಟೋ ಸಲ ಹೇಳಬೇಕಾಯಿತು. ಮಂಡಿಯ ಕೆಳಗೆ, ಒಳಮಗ್ಗುಲಲ್ಲಿ, ಎರಡು ಬೆರಳಗಲ ಕೊಯ್ದರು. ಅಲ್ಲಿಂದ ಆ ಹುರಿಯನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಳೆದರು. ಗೇಣಿಗಿಂತ ಉದ್ದ, ಬೆಳ್ಳಿಯಂತೆ ಬಿಳುಪು. ಪಕ್ಕದ ಮೇಜಿನ ಮೇಲೆ ಅದನ್ನು ಚೊಕ್ಕ ಮಾಡಿ, ಎರಡೂ ತುದಿಗೆ ಹೊಲಿಗೆ ಹಾಕಿ, ಒಣಗದಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರು. ಡ್ರಿಲ್ಲು ಶುರುವಾದಾಗ ಪಕ್ಕದ ಮನೆಯವರು ಗೋಡೆ ಕೊರೆಯುವ ಸದ್ದೇ. ನೋವಿಲ್ಲ, ಹೊಟ್ಟೆಯವರೆಗೂ ಅದುರು ಮಾತ್ರ ಬಂತು. ಹುರಿಯ ಎರಡು ತುದಿ ಚಿಪ್ಪಿನ ಒಳ ಅಂಚಿಗೆ ಸೇರಿದವು. ಎರಡೆಳೆಯಾಗಿ ಮಡಿಸಿದ ನಡುಭಾಗ ಚರ್ಮದಡಿಯಲ್ಲಿ ಸಾಗಿ ತೊಡೆಮೂಳೆಯ ತೂತಿನ ಬಾಯಿಗೆ ಬಂತು.

ಅಷ್ಟು ಹೊತ್ತು ಸರಸರ ನಡೆಯುತ್ತಿದ್ದ ಡಾಕ್ಟರಮ್ಮನ ಕೈ ನಿಧಾನವಾಯಿತು. ಬಿಗಿ ಜಾಸ್ತಿಯಾದರೆ ಮಂಡಿ ಜನ್ಮವಿಡೀ ನೋಯುತ್ತದೆ, ಸಡಿಲವಾದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಅವರು ಕಾಲನ್ನು ಮಡಿಸಿದರು, ನೀಡಿಸಿದರು. ಚಿಪ್ಪನ್ನು ಹೆಬ್ಬೆರಳಿನಿಂದ ಹೊರಕ್ಕೆ ದೂಡಿದರು. ಸಾಲದೆಂಬಂತೆ ತಲೆ ಅಡ್ಡಡ್ಡ ಆಡಿಸಿದರು. ಹುರಿಯನ್ನು ಕೂದಲೆಳೆಯಷ್ಟು ಸಡಿಲ ಬಿಟ್ಟರು. ಮತ್ತೆ ಮಡಿಸಿದರು. ಮತ್ತೆ ದೂಡಿದರು. ಅಳೆಯುವ ಯಂತ್ರವೇನೂ ಕಾಣಲಿಲ್ಲ. ಬೆರಳೇ ಅಳತೆ. ಕಣ್ಣು ಮುಚ್ಚಿ ಅವರು ಬಿಲ್ಲೆಯ ಮಂಡಿಯೊಳಗೆ ಏನನ್ನೋ ಕೇಳಿಸಿಕೊಳ್ಳುತ್ತಿದ್ದರು.

"ಇಲ್ಲೇ. ಸಾಕು," ಎಂದರು ಕೊನೆಗೆ. ಸ್ಕ್ರೂ ಕೂತಿತು.

ಕ್ಯಾಮೆರಾ ಮತ್ತೊಮ್ಮೆ ಒಳಗೆ ಹೋಯಿತು. ಕಾಲು ಮಡಿಸಿದರು. ದೋಣಿ ಕಾಲುವೆಗೆ ಇಳಿಯಿತು, ನಡುಮಧ್ಯದಲ್ಲಿ, ಸದ್ದಿಲ್ಲದೆ. ನೀಡಿಸಿದರೆ ಬಂದ ದಾರಿಯಲ್ಲೇ ಹತ್ತಿತು. ಬಿಲ್ಲೆಯ ಕಣ್ಣಿನಿಂದ ನೀರು ಇಳಿದು ಎರಡೂ ಕಿವಿಯೊಳಗೆ ಹೋಯಿತು. ಅರಿವಳಿಕೆ ಡಾಕ್ಟರು ಗಾಬರಿಯಾಗಿ ಮತ್ತೆ ಬಗ್ಗಿದರು. "ನೋವಾ?"

"ಇಲ್ಲ ಸಾರ್. ಅದು ಹೋಗ್ತಿದೆ ನೋಡಿ, ಎಷ್ಟು ನೆಟ್ಟಗೆ ಹೋಗ್ತಿದೆ ನೋಡಿ."

ಇಲ್ಲಿಗೆ ಕಥೆ ಮುಗಿಯಿತು ಎಂದರೆ ಸುಳ್ಳಾಗುತ್ತದೆ. ಆಪರೇಷನ್ ಎರಡು ಗಂಟೆಯದು, ಅದರ ನಂತರದ್ದು ತಿಂಗಳುಗಟ್ಟಲೆಯದು. ಮರುದಿನ ಅರಿವು ಬಂದ ಕಾಲು ಬೆಂಕಿಯಾಗಿತ್ತು. ಮೂರನೆಯ ದಿನ, ಕಾಲಿಗೆ ವ್ಯಾಯಾಮ ಮಾಡಿಸುವ ಫಿಸಿಯೋ ಬಂದ. ನರೆತ ಮೀಸೆಯ, ಶಾಲೆ ಮೇಷ್ಟರ ಹಾಗೆ ಗಟ್ಟಿಯಾಗಿ ಎಣಿಸುವ ಮನುಷ್ಯ. ಎಲ್ಲರೂ ಅವನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು.

"ತೊಡೆ ಬಿಗಿ ಮಾಡಿ, ಚಿಪ್ಪನ್ನ ಮೇಲಕ್ಕೆ ಎಳೀರಿ," ಎಂದ.

ಬಿಲ್ಲೆ ಮುಖ ಬಿಗಿ ಮಾಡಿದಳು, ಮುಷ್ಟಿ ಬಿಗಿ ಮಾಡಿದಳು, ಹೊಟ್ಟೆ ಬಿಗಿ ಮಾಡಿದಳು. ತೊಡೆ ಅಲ್ಲಾಡಲಿಲ್ಲ. ಅದು ಅವಳ ತೊಡೆಯೇ ಅಲ್ಲವೆಂಬಂತೆ ಬಿದ್ದುಕೊಂಡಿತ್ತು.

"ಹುಬ್ಬು ಗಂಟಿಕ್ಕಿದ್ರೆ ತೊಡೆಗೆ ಗೊತ್ತಾಗಲ್ಲ ತಾಯಿ. ಅದು ನಿದ್ದೆ ಮಾಡ್ತಿದೆ. ದಿನಾ ಎಬ್ಬಿಸಬೇಕು."

ಅತ್ತೆ ಆ ಕೆಲಸವನ್ನು ತನಗೇ ಒಪ್ಪಿಸಿದಂತೆ ತೆಗೆದುಕೊಂಡಳು. ಬೆಳಿಗ್ಗೆ ಎದ್ದವಳೇ ಮಂಚದ ಪಕ್ಕ ಕುರ್ಚಿ ಎಳೆದು, ಸೊಸೆಯ ತೊಡೆಗೆ, "ಏಯ್ ಸೋಮಾರಿ, ಏಳೋ" ಎಂದು ಗದರುತ್ತಿದ್ದಳು. ಆರನೆಯ ಬೆಳಿಗ್ಗೆ, ಚರ್ಮದಡಿಯಲ್ಲಿ, ನೀರೊಳಗೆ ಮೀನು ಹೊರಳಿದಂತೆ, ಏನೋ ಮಿಸುಕಿತು. ಚಿಪ್ಪು ಅಕ್ಕಿಕಾಳಿನಷ್ಟು ಮೇಲೆ ಹೋಗಿ ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಕಂಡೆಯಾ?" ಎಂದಳು ಅತ್ತೆ, ಪಿಸುದನಿಯಲ್ಲಿ. ಆ ಬಾಯಿಂದ ಪಿಸುದನಿ ಬಂದದ್ದು ಅದೇ ಮೊದಲು.

ಆರು ವಾರ ಕಾಲಿಗೆ ಪಟ್ಟಿ, ಕಂಕುಳಿಗೆ ಊರುಗೋಲು. ಮಂಡಿ ಮಡಿಸುವುದನ್ನು ಇಂಚಿಂಚಾಗಿ ಕಲಿಯಬೇಕಾಯಿತು. ಗಂಡ ಗೋಡೆಯ ಮೇಲೆ, ಅವಳು ಕೂತು ಹಿಮ್ಮಡಿ ಜಾರಿಸುವ ಕಡೆ, ಅದು ಎಲ್ಲಿಯವರೆಗೆ ಬಂತೆಂಬ ಗುರುತಿಗೆ ದಿನಕ್ಕೊಂದು ಬಣ್ಣದ ಗೆರೆ ಎಳೆಯುತ್ತಿದ್ದ. ಕೆಲವು ದಿನ ಗೆರೆ ಹಿಂದಿನ ದಿನದ ಮೇಲೆಯೇ ಬೀಳುತ್ತಿತ್ತು. ಆಗ ಅವನು ಅದರ ಮೇಲೇ ಇನ್ನೊಂದು ಬಣ್ಣ ಬಳಿಯುತ್ತಿದ್ದ.

ಎಲ್ಲಕ್ಕಿಂತ ಕಷ್ಟವಾದದ್ದು ಹೆದರಿಕೆ. ಮಂಡಿ ವಾಸಿಯಾಗಿತ್ತು, ಮನಸ್ಸಿಗೆ ಸುದ್ದಿ ಮುಟ್ಟಿರಲಿಲ್ಲ. ಮೂರು ತಿಂಗಳಿಗೆ ಡಾಕ್ಟರಮ್ಮ ಮಂಚದ ಮೇಲೆ ಮಲಗಿಸಿ, ಚಿಪ್ಪಿನ ಮೇಲೆ ಹೆಬ್ಬೆರಳಿಟ್ಟು ಹೊರಕ್ಕೆ ದೂಡಿದರು. ಬಿಲ್ಲೆಯ ಕೈ ತಾನಾಗಿ ಮುಂದೆ ಹೋಗಿ ಅರ್ಧದಲ್ಲಿ ನಿಂತಿತು. ಅವರು ಇನ್ನಷ್ಟು ದೂಡಿದರು. ಚಿಪ್ಪು ಕೊಂಚ ಸರಿದು, ಒಳಗಿನಿಂದ ಯಾರೋ ಕೈ ಹಿಡಿದು ನಿಲ್ಲಿಸಿದ ಹಾಗೆ, ನಿಂತಿತು.

"ಯಾರೋ ಹಿಡ್ಕೊಂಡಿದ್ದಾರೆ ಮೇಡಂ!" ಎಂದಳು ಬಿಲ್ಲೆ.

"ನೀವೇ ಹಿಡ್ಕೊಂಡಿದೀರಿ. ನಿಮ್ಮದೇ ಹುರಿ ತಾನೆ? ಇನ್ನು ಸ್ವಲ್ಪ ದಿನಕ್ಕೆ ಅದಕ್ಕೂ ತಾನು ಎಲ್ಲಿಂದ ಬಂದೆ ಅನ್ನೋದು ಮರೆತುಹೋಗುತ್ತೆ. ಲಿಗಮೆಂಟೇ ಆಗ್ಬಿಡುತ್ತೆ."

ಐದನೆಯ ತಿಂಗಳಿಗೆ ಅವಳು ಕೆಲಸಕ್ಕೆ ಮರಳಿದಳು. ಮೇಸ್ತ್ರಿ ಅವಳಿಗೆಂದು ಎತ್ತರದ ಸ್ಟೂಲು ತರಿಸಿದ್ದ. ಊಟದ ಬಿಡುವಿನಲ್ಲಿ ಹೆಂಗಸರೆಲ್ಲ ಸುತ್ತ ಕೂತು, ಕಿಂಡಿಯೊಳಗೆ ಏನು ಕಂಡೆ ಹೇಳು ಎಂದು ಪೀಡಿಸಿದರು. ಅವಳು ಹೇಳಿದಳು. ಕೇಳಿದವರು ತಮ್ಮ ತಮ್ಮ ಮಂಡಿ ಮುಟ್ಟಿ ನೋಡಿಕೊಂಡರು.

ಒಂದು ವರ್ಷದ ನಂತರ, ಸಂಜೆ ಮನೆಗೆ ಬರುವಾಗ, ಅವಳು ನಿಂತುಕೊಂಡು ಬರುತ್ತಿದ್ದ ಬಸ್ಸಿಗೆ ಅಡ್ಡಲಾಗಿ ಸ್ಕೂಟರೊಂದು ನುಗ್ಗಿತು. ಡ್ರೈವರು ಗಕ್ಕನೆ ಬ್ರೇಕು ಹಾಕಿದ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಉರುಳಿದರು. ಬಿಲ್ಲೆಯ ಪಾದ ಸೀಟಿನ ಕಾಲಿಗೆ ಸಿಕ್ಕಿಕೊಂಡಿತು, ಮೈಯೆಲ್ಲ ಬಲ ಮಂಡಿಯ ಮೇಲೆ ತಿರುಚಿತು. ಕುಂಟೆಬಿಲ್ಲೆಯ ದಿನ ತಿರುಚಿದ್ದಕ್ಕಿಂತ ಜೋರಾಗಿ. ಬಿದ್ದಲ್ಲೇ ಅವಳು ಕಣ್ಣು ಮುಚ್ಚಿ ಕಾದಳು. ಆ ಟಕ್ಕಿಗಾಗಿ, ಆ ನೋವಿಗಾಗಿ.

ಯಾವುದೂ ಬರಲಿಲ್ಲ.

ಕಂಡಕ್ಟರು ಓಡಿ ಬಂದ. "ಏಟಾಯ್ತೇನಕ್ಕಾ? ಎಬ್ಬಿಸ್ಲಾ?"

"ಒಂದ್ನಿಮಿಷ ಇರಿ ಅಣ್ಣ," ಎಂದಳು ಅವಳು. ಬಸ್ಸಿನ ನೆಲದ ಮೇಲೆ, ಜನರ ಚಪ್ಪಲಿ ಚೀಲಗಳ ನಡುವೆ, ಮಂಡಿಯನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂತಳು. ಚಿಪ್ಪು ಮುಂದೆಯೇ ಇತ್ತು. ಕಾಲು ಮಡಿಸಿದಳು, ನೀಡಿದಳು. ಅಂಗೈ ಕೆಳಗೆ ಅದು ಮೆತ್ತಗೆ ಇಳಿದು ಹತ್ತಿತು. ಮೊಣಕೈ ಮಾತ್ರ ತರಚಿ ಉರಿಯುತ್ತಿತ್ತು. ಎಲ್ಲರಿಗೂ ಆಗುವಂಥ ಗಾಯ. ಆ ಉರಿ ಅವಳಿಗೆ ಎಷ್ಟು ಹಿತವಾಯಿತೆಂದರೆ ನಗು ತಡೆಯಲಾಗಲಿಲ್ಲ. ತಲೆಗೆ ಏಟು ಬಿದ್ದಿರಬೇಕೆಂದು ಕಂಡಕ್ಟರು ನೀರಿನ ಬಾಟಲಿ ತಂದ.

ಅವಳು ಕಂಬಿ ಹಿಡಿದು ಎದ್ದಳು. ಪಕ್ಕದಲ್ಲಿ ಬಿದ್ದಿದ್ದ ಮುದುಕಿಯೊಬ್ಬಳಿಗೆ ಕೈ ಕೊಟ್ಟು, ತನ್ನ ಬಲಗಾಲಿನ ಮೇಲೆ ಪೂರ್ತಿ ಭಾರ ಹಾಕಿ, ಅವಳನ್ನೂ ಎತ್ತಿ ನಿಲ್ಲಿಸಿದಳು.